ಪುಕ್ಕಟೆ ಬೀಜದ ಬಾಡಿಗೆ

ವಿಹಾರ ನೌಕೆಯಲ್ಲಿ ಊಟದ ಖರ್ಚು ಟಿಕೆಟ್ಟಿನಲ್ಲೇ ಸೇರಿರುತ್ತದೆ. ಬೆಳಗಿನಿಂದ ನಡುರಾತ್ರಿಯವರೆಗೆ ಯಾವುದಾದರೊಂದು ಅಂತಸ್ತಿನಲ್ಲಿ ಯಾರಾದರೊಬ್ಬರು ಬಡಿಸುತ್ತಲೇ ಇರುತ್ತಾರೆ. ಇಷ್ಟಿದ್ದೂ, ಹಡಗು ದಡ ಮುಟ್ಟಿದೊಡನೆ ಇಳಿದು, ಬಟ್ಟಲಿನಲ್ಲಿಟ್ಟ ನಾಲ್ಕು ಬೀಜಗಳನ್ನು ಪುಕ್ಕಟೆಯಾಗಿ ತಿನ್ನಲು ಜನ ಓಡುವುದನ್ನು ನೋಡಿದರೆ, ‘ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ಮಾತನ್ನು ಕಟ್ಟಿದವರು ಕನ್ನಡಿಗರೊಬ್ಬರೇ ಇರಲಾರರು ಎನಿಸುತ್ತದೆ. ಹವಾಯಿಯ ಹೀಲೋ ಬಂದರಿನಲ್ಲಿ ಹಾಗೆ ಓಡಿದವರ ಪೈಕಿ ನಾನು, ನನ್ನ ಹೆಂಡತಿ ಮತ್ತು ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಯವರೂ ಇದ್ದೆವು.

ಊರಾಚೆಯ ಮೌನಾ ಲೋವಾ ಕಂಪನಿಯ ಮೆಕಡೇಮಿಯ ಬೀಜದ ಕಾರ್ಖಾನೆಗೆ ಪ್ರವೇಶ ಉಚಿತ, ರುಚಿ ನೋಡುವುದೂ ಉಚಿತ. ಟ್ಯಾಕ್ಸಿ ಮಾತ್ರ ಉಚಿತವಲ್ಲ. ಹೀಲೋದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆಂದು ಚಾಲಕ ಹೆಮ್ಮೆಯಿಂದ ಹೇಳಿದ್ದನ್ನು ನಾನು ಅನುವಾದಿಸಿದೆ. ಆಗುಂಬೆಯ ಪಕ್ಕದವರಾದ ಅತ್ತೆ ಕಿಟಕಿಯಾಚೆ ನೋಡಿ, “ಪಾಪ, ಇದನ್ನೇ ಮಳೆ ಅಂದುಕೊಂಡಿದ್ದಾರೆ” ಎಂದರು. ಅದನ್ನು ನಾನು ಅನುವಾದಿಸಲಿಲ್ಲ.

ಮೆಕಡೇಮಿಯ ಹವಾಯಿಯದ್ದಲ್ಲ, ಆಸ್ಟ್ರೇಲಿಯಾದಿಂದ 1880ರ ದಶಕದಲ್ಲಿ ಬಂದು ಇಲ್ಲಿ ಬೇರೂರಿದ ಮರ. ಕಾಯಿ ಬಲಿತ ಮೇಲೆ ತಾನಾಗಿ ನೆಲಕ್ಕೆ ಬೀಳುತ್ತದೆ, ಆರಿಸಿಕೊಂಡರಾಯಿತು. ಕಷ್ಟವಿರುವುದು ಒಡೆಯುವುದರಲ್ಲಿ: ಆ ಚಿಪ್ಪು ಬಿರಿಯಬೇಕಾದರೆ ಚದರ ಅಂಗುಲಕ್ಕೆ ಸುಮಾರು 300 ಪೌಂಡ್ ಒತ್ತಡ ಬೇಕು. ಗಾಜಿನ ಕಿಟಕಿಗಳ ಮೂಲಕ ಯಂತ್ರಗಳನ್ನು ನೋಡುವ ಶಾಸ್ತ್ರವನ್ನು ಎಲ್ಲರೂ ಚುರುಕಾಗಿ ಮುಗಿಸಿ, ರುಚಿ ನೋಡುವ ಬಟ್ಟಲುಗಳ ಮುಂದೆ ಬಹಳ ಹೊತ್ತು ನಿಂತರು.

ಉಪ್ಪು ಹಾಕಿದ ಬೀಜ ಅತ್ತೆಯವರಿಗೆ ಹಿಡಿಸಿತು. “ಗೋಡಂಬಿಯ ಶ್ರೀಮಂತ ನೆಂಟ” ಎಂದು ಪ್ರಮಾಣಪತ್ರ ಕೊಟ್ಟು, ಪಕ್ಕದ ಬಟ್ಟಲಿನಿಂದ ಮತ್ತೊಂದನ್ನು ಬಾಯಿಗೆ ಹಾಕಿಕೊಂಡರು. ಅದು ಮಾವಿ ದ್ವೀಪದ ಈರುಳ್ಳಿ ಮತ್ತು ಬೆಳ್ಳುಳ್ಳಿ ಸವರಿದ್ದು. ಅವೆರಡನ್ನೂ ಬಿಟ್ಟು ದಶಕಗಳೇ ಆಗಿದ್ದ ಅವರು, ಅಗಿಯಲೂ ಆಗದೆ, ಪರದೇಶದವರೆದುರು ಉಗುಳಲೂ ಆಗದೆ, ಕೆನ್ನೆಯೊಂದನ್ನು ಉಬ್ಬಿಸಿಕೊಂಡು ಹೊರಗಿನ ಮಳೆಗೆ ನಡೆದೇಬಿಟ್ಟರು. ಬಾಯಿ ತೊಳೆಯಲು ನೀರಿನ ಬಾಟಲಿ ಕೊಳ್ಳಬೇಕಾಯಿತು. ಬರಿಗೈಯಲ್ಲಿ ಹೊರಡುವುದು ಚೆನ್ನಲ್ಲವೆಂದು ಹೆಂಡತಿ ಡಬ್ಬಿಗಳನ್ನು ಕೊಂಡಳು. ಇತ್ತ ಟ್ಯಾಕ್ಸಿಯವನು ಕಾದ ಹೊತ್ತಿಗೂ ಲೆಕ್ಕ ಬರೆದಿದ್ದ.

ಆದರೂ ಒಳ್ಳೆಯ ಮನುಷ್ಯ. ಬಂದರಿನಲ್ಲಿ ಇಳಿಸುವಾಗ, ತನ್ನ ಹಿತ್ತಲಿನ ಮರದ್ದೆಂದು ಚಿಪ್ಪು ಸಹಿತವಾದ ಬೀಜಗಳನ್ನು ಅತ್ತೆಯವರ ಸೆರಗಿಗೇ ಸುರಿದ. ಅಂದು ನಮಗೆ ನಿಜವಾಗಿ ಪುಕ್ಕಟೆ ದೊರೆತದ್ದು ಅದೊಂದೇ, ಮತ್ತು ಅದನ್ನು ತಿನ್ನಲಾಗಲಿಲ್ಲ. ಕ್ಯಾಬಿನ್ನಿನ ಸ್ನಾನದ ಮನೆಯ ಬಾಗಿಲ ಸಂದಿಗೆ ಬೀಜವನ್ನು ಸಿಕ್ಕಿಸಿ ನಾನು ಬಾಗಿಲು ಅದುಮಿದಾಗ, ನುಣುಪಾದ ಕಂದು ಗೋಲಿಯಂಥ ಅದು ಗೀರೂ ಬೀಳದೆ ಚಿಮ್ಮಿ ಮಂಚದಡಿ ಸೇರಿತು. ಮತ್ತೆ ಅದುಮಿದಾಗ ಬಾಗಿಲ ತಿರುಗಣಿಯೇ ಕಿರುಗುಟ್ಟಿತು. ಪಕ್ಕದ ಕ್ಯಾಬಿನ್ನಿನವರು ಗೋಡೆ ತಟ್ಟಿದರು.

“ನನ್ನ ಅಡಕತ್ತರಿ ಇದ್ದಿದ್ದರೆ ಈ ಪಾಡಿರುತ್ತಿರಲಿಲ್ಲ” ಎಂದರು ಅತ್ತೆ. ಅಡಿಕೆಯ ಸೀಮೆಯವರ ಆ ಸಂಗಾತಿಯನ್ನು ಹಡಗು ಹತ್ತುವಾಗಲೇ ಭದ್ರತಾ ಸಿಬ್ಬಂದಿ ಆಯುಧವೆಂದು ತೆಗೆದಿರಿಸಿಕೊಂಡಿದ್ದರು. ಹೊನೊಲುಲುವಿನಲ್ಲಿ ಇಳಿದ ದಿನ ಅದು ಮರಳಿ ಕೈಸೇರಿತು. ಅತ್ತೆ ಅಲ್ಲೇ ಸೂಟ್‌ಕೇಸಿನ ಮೇಲೆ ಕುಳಿತು, ಬೀಜವನ್ನು ಅಲಗಿನ ನಡುವೆ ಇಟ್ಟು, ಉಸಿರು ಕಟ್ಟಿ ಒತ್ತಿದರು. ಬೀಜ ಹಾಗೆಯೇ ಇತ್ತು. ಅಡಕತ್ತರಿಯ ಮೊಳೆ ಸಡಿಲವಾಗಿತ್ತು.

ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ಟ್ಯಾಕ್ಸಿ ಬಂದು ನಿಂತಾಗ ಅವರು ಬೀಜಗಳ ಗಂಟನ್ನು ನನ್ನ ಕೈಗಿಟ್ಟು ಹೇಳಿದರು: “ಅಳಿಯಂದಿರೇ, ಇವನಿಗೆ ಬಾಡಿಗೆಗೆ ಇದನ್ನೇ ಕೊಟ್ಟುಬಿಡಿ.”