ಹಳೆಯ ಶೃಂಗಾರ ಛಾಯಾಚಿತ್ರಗಳು ಸಂಗ್ರಹಾಲಯದ ಗೋಡೆ ಏರಬೇಕೇ?

ಪರ

ಫ್ರಾನ್ಸಿನ ಡಾಗೇರ್ ಕಂಡುಹಿಡಿದ ಛಾಯಾಗ್ರಹಣ ವಿಧಾನ 1839ರಲ್ಲಿ ಪ್ಯಾರಿಸ್‌ನಲ್ಲಿ ಬಹಿರಂಗವಾಯಿತು. ಬೆತ್ತಲೆ ದೇಹ ಕ್ಯಾಮೆರಾದ ಎದುರು ನಿಲ್ಲಲು ಹೆಚ್ಚು ಕಾಲ ಹಿಡಿಯಲಿಲ್ಲ. ಕಾನೂನಿನ ಕಣ್ಣಿಗೆ ಮಣ್ಣೆರಚಲು ಇಂಥ ಚಿತ್ರಗಳಿಗೆ ‘ಅಕಾಡೆಮಿ’ ಎಂದು ಹೆಸರಿಟ್ಟು, ಕಲಾವಿದರ ಅಭ್ಯಾಸಕ್ಕೆಂದು ಮಾರುತ್ತಿದ್ದರು. ನೆಪ ಪೂರ್ತಿ ಸುಳ್ಳೂ ಅಲ್ಲ. ಛಾಯಾಗ್ರಾಹಕ ಡ್ಯೂರಿಯೂ ತೆಗೆದ ನಗ್ನ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಡೆಲಕ್ರುವಾನಂಥ ದೊಡ್ಡ ಕಲಾವಿದ ರೇಖಾಭ್ಯಾಸ ಮಾಡಿದ್ದಾನೆ. ಅದೇ ಪ್ಯಾರಿಸ್‌ನಲ್ಲಿ ಮೂಲ್ಯಾಂ ಎಂಬ ಛಾಯಾಗ್ರಾಹಕ 1851ರಲ್ಲಿ ಇಂಥ ಚಿತ್ರಗಳಿಗಾಗಿ ಸೆರೆಮನೆ ಕಂಡ. ಕುಂಚದಿಂದ ಮೂಡಿದರೆ ಕಲೆ, ಮಸೂರದಿಂದ ಮೂಡಿದರೆ ಅಪರಾಧ!

1874ರಲ್ಲಿ ಲಂಡನ್ ಪೊಲೀಸರು ಹೆನ್ರಿ ಹೇಲರ್ ಎಂಬ ಛಾಯಾಗ್ರಾಹಕನ ಮೇಲೆ ದಾಳಿ ಮಾಡಿದಾಗ ಸಿಕ್ಕಿದ್ದು ಇಂಥ 1,30,000ಕ್ಕೂ ಹೆಚ್ಚು ಛಾಯಾಚಿತ್ರಗಳು. ಇಷ್ಟು ಸರಕು ಕೊಳ್ಳುವವರಿಲ್ಲದೆ ರಾಶಿ ಬೀಳುವುದಿಲ್ಲ. ವಿಕ್ಟೋರಿಯಾ ಕಾಲದವರು ಬಹಳ ಮಡಿವಂತರಾಗಿದ್ದರೆಂಬ ಕಥೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ? ಈ ಚಿತ್ರಗಳನ್ನು ಬಚ್ಚಿಟ್ಟರೆ ಆ ಕಥೆಯೇ ಇತಿಹಾಸವಾಗಿ ಉಳಿದುಬಿಡುತ್ತದೆ. 1990ರಲ್ಲಿ ಛಾಯಾಗ್ರಾಹಕ ಮೇಪಲ್‌ಥಾರ್ಪ್‌ನ ಚಿತ್ರಗಳನ್ನು ಪ್ರದರ್ಶಿಸಿದ್ದಕ್ಕೆ ಅಮೆರಿಕದ ಸಿನ್ಸಿನಾಟಿಯ ಕಲಾಕೇಂದ್ರ ಮತ್ತು ಅದರ ನಿರ್ದೇಶಕರು ಅಶ್ಲೀಲತೆಯ ಆರೋಪ ಹೊತ್ತು ಕಟಕಟೆ ಏರಿದರು. ಅವರನ್ನು ನಿರ್ದೋಷಿಗಳೆಂದು ಬಿಟ್ಟವರು ಕಲಾಪಂಡಿತರಲ್ಲ, ಜ್ಯೂರಿಯಲ್ಲಿ ಕುಳಿತ ಸಾಮಾನ್ಯ ನಾಗರಿಕರು.

ವಿರೋಧ

ಮೇಲಿನ ವಾದದಲ್ಲಿ ಛಾಯಾಗ್ರಾಹಕನಿದ್ದಾನೆ, ಪೊಲೀಸರಿದ್ದಾರೆ, ಕೊಳ್ಳುವವರೂ ಇದ್ದಾರೆ. ಚಿತ್ರದಲ್ಲಿರುವವಳು ಎಲ್ಲಿ?

1912ರ ಸುಮಾರಿಗೆ ಬೆಲಾಕ್ ಎಂಬ ಛಾಯಾಗ್ರಾಹಕ ನ್ಯೂ ಆರ್ಲಿನ್ಸ್‌ನ ವೇಶ್ಯಾವಾಟಿಕೆ ಸ್ಟೋರಿವಿಲ್‌ನ ಹೆಂಗಸರ ಚಿತ್ರಗಳನ್ನು ತೆಗೆದ. ಬದುಕಿದ್ದಾಗ ಅವನು ಅವುಗಳನ್ನು ಪ್ರದರ್ಶನಕ್ಕಿಡಲಿಲ್ಲ. ಅವನ ಮರಣಾನಂತರ ಗಾಜಿನ ನೆಗೆಟಿವ್‌ಗಳು ಕೈಬದಲಾಗಿ, ಅವುಗಳಿಂದ ಮುದ್ರಿಸಿದ ಚಿತ್ರಗಳು 1970ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. ಕೆಲವು ಚಿತ್ರಗಳಲ್ಲಿ ಹೆಂಗಸರ ಮುಖಗಳನ್ನು ಕೆರೆದು ಅಳಿಸಲಾಗಿದೆ. ಮುಖ ಅಳಿಸಿದ ಚಿತ್ರವೂ ಚೌಕಟ್ಟು ಸೇರಿತು. ಅದರಲ್ಲೂ ನಿಗೂಢ ಸೌಂದರ್ಯ ಕಂಡವರಿದ್ದಾರೆ. ನನಗಂತೂ ಅಲ್ಲಿ ಕಾಣುವುದು ಒಂದು ಗಾಯ.

ಹೆಸರಾಂತರ ಪಾಡೂ ಬೇರೆಯಲ್ಲ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ, 1949ರಲ್ಲಿ, ನಟಿ ಮರ್ಲಿನ್ ಮನ್ರೋ ಬೆತ್ತಲೆ ಕ್ಯಾಲೆಂಡರ್ ಚಿತ್ರಕ್ಕೆ ನಿಂತಾಗ ಸಿಕ್ಕಿದ್ದು 50 ಡಾಲರ್. ನಾಲ್ಕು ವರ್ಷಗಳ ನಂತರ ಅಂದು ತೆಗೆದ ಚಿತ್ರ ‘ಪ್ಲೇಬಾಯ್’ ಪತ್ರಿಕೆಯ ಮೊದಲ ಸಂಚಿಕೆಯನ್ನು ಮಾರಿಕೊಟ್ಟಿತು. ಆಕೆಗೆ ಆ ಪತ್ರಿಕೆಯಿಂದ ಬಂದದ್ದು ಸೊನ್ನೆ.

ಸಮಾಜದ ದೃಷ್ಟಿ ಬದಲಾಗಿದೆ, ಒಪ್ಪೋಣ. ಆದರೆ ಬದಲಾದದ್ದು ನೋಡುವವರ ಸಂಕೋಚ. ನೋಡಿಸಿಕೊಂಡವಳನ್ನು ಕೇಳುವ ಅಭ್ಯಾಸ ಇನ್ನೂ ಬಂದಿಲ್ಲ. ಈ ಚಿತ್ರಗಳು ಸಂಗ್ರಹಾಲಯದ ಕಪಾಟಿನಲ್ಲಿರಲಿ, ಸಂಶೋಧಕರು ಕೇಳಿ ಪಡೆದು ನೋಡಲಿ. ಗೋಡೆ ಬೇಡ. ಹೊರಬಾಗಿಲ ಪಕ್ಕದ ಮಳಿಗೆಯಲ್ಲಿ ಮಾರುವ ಪೋಸ್ಟ್‌ಕಾರ್ಡ್ ಅಂತೂ ಬೇಡವೇ ಬೇಡ.