ಬದಲಾವಣೆ ಶುರುವಾಗಿದ್ದು ಹೊಲದಿಂದ

ಚೀನಾದ ಆರ್ಥಿಕ ಸುಧಾರಣೆ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಮಾವೋ ನಂತರ ಚೀನಾದಲ್ಲಿ ಆದ ಬದಲಾವಣೆಯನ್ನೆಲ್ಲ ಆಗಿನ ನಾಯಕ ಡೆಂಗ್ ಶಿಯಾವೊಪಿಂಗ್ ಒಬ್ಬರ ಲೆಕ್ಕಕ್ಕೇ ಬರೆದಿದ್ದೀರಿ. ಅದು ಪೂರ್ತಿ ಸರಿ ಅನ್ನಿಸಲಿಲ್ಲ.

1978ರ ಕೊನೆಯಲ್ಲಿ ಆನ್‌ಹುಯಿ ಪ್ರಾಂತ್ಯದ ಶಿಯಾವೊಗಾಂಗ್ ಹಳ್ಳಿಯ 18 ರೈತರು ರಾತ್ರಿ ಗುಟ್ಟಾಗಿ ಒಂದು ಮನೆಯಲ್ಲಿ ಸೇರಿದರು. ಕಮ್ಯೂನ್ ಜಮೀನನ್ನು, ಅಂದರೆ ಎಲ್ಲರೂ ಒಟ್ಟಾಗಿ ದುಡಿಯುತ್ತಿದ್ದ ಸಾಮೂಹಿಕ ಜಮೀನನ್ನು, ಮನೆಮನೆಗೆ ಹಂಚಿಕೊಳ್ಳೋಣ, ಸರ್ಕಾರದ ಪಾಲು ಕೊಟ್ಟು ಮಿಕ್ಕಿದ್ದು ನಮಗೆ ಅಂತ ಕಾಗದ ಬರೆದು ಕೆಂಪು ಹೆಬ್ಬೆಟ್ಟು ಒತ್ತಿದರು. ಇದಕ್ಕಾಗಿ ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ತುಂಬುವ ತನಕ ಉಳಿದವರು ಸಾಕಬೇಕು ಅಂತಲೂ ಅದರಲ್ಲಿತ್ತು. ಆ ಮಾತು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ದೇಶವನ್ನು ದಿಢೀರನೆ ಮುಂದೆ ತರುತ್ತೇವೆ ಅಂತ ಮಾವೋ ಕಾಲದಲ್ಲಿ ನಡೆಸಿದ ‘ಮಹಾ ಜಿಗಿತ’ ಅಭಿಯಾನದ ಬರಗಾಲದಲ್ಲಿ ಹಸಿದು ಸತ್ತವರನ್ನು ಕಣ್ಣಾರೆ ಕಂಡಿದ್ದ ಊರು ಅದು. ಸುಮ್ನೆ ಹಟಕ್ಕೆ ಬಿದ್ದು ಮಾಡಿದ್ದಲ್ಲ.

ಮುಂದಿನ ವರ್ಷ ಬೆಳೆ ಎಷ್ಟೋ ಪಟ್ಟು ಜಾಸ್ತಿ ಬಂತು. 1980ರಲ್ಲಿ ಡೆಂಗ್ ಇದನ್ನು ಮೆಚ್ಚಿದರು. ಸಿದ್ಧಾಂತದ ಮಾತು ಬಂದಿದ್ದು ಆಮೇಲೆ, ಅಲ್ವಾ? ಸಮಾಜವಾದದ ಹೆಸರಿನಲ್ಲೇ ಮಾರುಕಟ್ಟೆಗೂ ಜಾಗ ಕೊಡುವ ‘ಸಮಾಜವಾದಿ ಮಾರುಕಟ್ಟೆ ಅರ್ಥವ್ಯವಸ್ಥೆ’ಯನ್ನು ಕಮ್ಯುನಿಸ್ಟ್ ಪಕ್ಷ ಒಪ್ಪಿಕೊಂಡಿದ್ದು 1992ರಲ್ಲಿ. ಖಾಸಗಿ ಉದ್ಯಮಿಗಳಿಗೂ ಪಕ್ಷದ ಬಾಗಿಲು ತೆರೆದದ್ದು 2001ರಲ್ಲಿ, ಡೆಂಗ್ ನಂತರದ ನಾಯಕ ಜಿಯಾಂಗ್ ಜೆಮಿನ್ ಕಾಲಕ್ಕೆ. ಹಳ್ಳಿಯ ಜಮೀನಿನ ಒಡೆತನ ಮಾತ್ರ ಇವತ್ತಿಗೂ ಸಾಮೂಹಿಕವೇ.

ದಯವಿಟ್ಟು ಆ ರೈತರ ಬಗ್ಗೆಯೂ ನಾಲ್ಕು ಸಾಲು ಸೇರಿಸಿ.