ಸಂಪನ್ಮೂಲ ವ್ಯಕ್ತಿ ಬಂದರು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಥಾ ಕಮ್ಮಟಕ್ಕೆ ದಿನ ಗೊತ್ತುಮಾಡುವುದು ಸುಲಭವಲ್ಲ. ಮಳೆಗಾಲದಲ್ಲಿ ಇಟ್ಟರೆ ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿಯುವ ಭಯ. ಕರಾವಳಿಯಿಂದ ಬರಬೇಕಾದ ಸಾಹಿತಿ ಕುಮಟಾದಲ್ಲೇ ಉಳಿದುಬಿಟ್ಟಾರು. ಮಳೆ ಮುಗಿಯಲಿ ಅಂತ ಡಿಸೆಂಬರಿಗೆ ಇಟ್ಟರೆ ಅಡಿಕೆ ಕೊಯ್ಲು. ಅಡಿಕೆ ಸುಲಿಯಲು ಜನ ಸಿಗದೆ ಒದ್ದಾಡುತ್ತಿರುವ ಮನೆಯಲ್ಲಿ ಮಗ ಬಂದು ‘ಕತೆ ಬರೆಯುವುದನ್ನು ಕಲಿತು ಬರ್ತೇನೆ’ ಅಂದರೆ ಯಾವ ಅಪ್ಪನಿಗೂ ಸಿಟ್ಟು ಬರುತ್ತದೆ. ಆಮೇಲೆ ಪರೀಕ್ಷೆ. ಆಮೇಲೆ ಮದುವೆ, ಮುಂಜಿ, ರಾತ್ರಿಯೆಲ್ಲ ಯಕ್ಷಗಾನದ ಆಟ. ಕಡೆಗೆ ದಸರಾ ರಜೆಯಲ್ಲಿ ಎರಡು ದಿನ ಸಿಕ್ಕರೆ ಅದೇ ಪುಣ್ಯ.

ದಿನ ಸಿಕ್ಕಿದ ಮೇಲೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ. ಶಿರಸಿಯಲ್ಲಿ ಒಂದು ಸಭಾಭವನ, ಒಂದು ಬ್ಯಾನರು, ಸ್ವಾಗತ ಗೀತೆಗೆ ಇಬ್ಬರು ಹುಡುಗಿಯರು, ಬೆಳಿಗ್ಗೆ ಅವಲಕ್ಕಿ, ಶಿರಾ. ಬ್ಯಾನರಿನಲ್ಲಿ ಸಾಹಿತಿಯ ಹೆಸರಿನ ಕೆಳಗೆ ‘ಸಂಪನ್ಮೂಲ ವ್ಯಕ್ತಿ’ ಅಂತ ಇರುತ್ತದೆ. ಆ ಸಂಪನ್ಮೂಲ ವ್ಯಕ್ತಿ ಹುಬ್ಬಳ್ಳಿ ಬಸ್ಸಿನಲ್ಲಿ ಮುಂಡಗೋಡಿನ ತನಕ ನಿಂತುಕೊಂಡೇ ಬಂದಿರುತ್ತಾರೆ. ಅವರ ಚೀಲದಲ್ಲಿ ಎರಡು ಪುಸ್ತಕ, ಒಂದು ಟವೆಲ್ಲು, ಬಿಪಿ ಮಾತ್ರೆ.

‘ಬರೆಯೋದನ್ನು ಕಲಿಸ್ಲಿಕ್ಕೆ ಬರ್ತದಾ?’ ಅಂತ ಊರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಕೇಳುವವರು ಸಾಮಾನ್ಯವಾಗಿ ಊಟದ ಪಂಕ್ತಿಯಲ್ಲಿ ಮೊದಲು ಕುಳಿತವರು. ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಿಂದ ಬರಹಗಾರರ ಕಮ್ಮಟ ನಡೆಯುತ್ತಿದೆ. ಎರಡು ದಿನದ್ದಲ್ಲ, ಅದು ಪದವಿಯ ಓದು. ಈ ಬಗೆಯ ಓದಿಗೆಲ್ಲ ಅಜ್ಜನಮನೆ ಅದೇ. ತಮಾಷೆಯೆಂದರೆ ಅವರೇ ಹೇಳಿಕೊಳ್ಳುತ್ತಾರೆ, ಬರೆಯುವುದನ್ನು ಕಲಿಸಲಾಗದು, ಬರೆಯುವವರನ್ನು ಹುರಿದುಂಬಿಸಬಹುದು ಅಷ್ಟೇ ಅಂತ. ಇಷ್ಟು ವರ್ಷ ಅಂಗಡಿ ಇಟ್ಟವರೇ ಹೀಗೆ ಹೇಳಿದ ಮೇಲೆ ಅವಲಕ್ಕಿ ತಿಂದು ವಾದ ಮಾಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಸಾಹಿತಿ ಬಂದು ಮಾಡುವುದೇನು? ನಾನು ನೋಡಿದ ಮಟ್ಟಿಗೆ, ಒಳ್ಳೆಯವರು ಮಾಡುವುದು ಒಂದೇ ಕೆಲಸ. ಹುಡುಗರು ಬರೆದದ್ದನ್ನು ಓದುತ್ತಾರೆ, ಓದುತ್ತಾ ಒಂದು ಕಡೆ ನಿಲ್ಲುತ್ತಾರೆ. ಎಲ್ಲಿ ನಿಂತರು ಅನ್ನುವುದರಲ್ಲೇ ಎಲ್ಲ ಇದೆ.

ಒಮ್ಮೆ ಕಾರವಾರದಿಂದ ಬಂದ ಕಾಲೇಜು ಹುಡುಗಿಯೊಬ್ಬಳು ಕತೆ ಓದಿದಳು. ಮೊದಲ ಸಾಲಿನಲ್ಲೇ ಸೂರ್ಯ ಕಡಲಿನಿಂದ ಮೇಲೆದ್ದು ಅಲೆಗಳಿಗೆ ಬಂಗಾರದ ಬಣ್ಣ ಬಳಿಯುತ್ತಿದ್ದ. ಸಾಹಿತಿಗಳು ಅಲ್ಲೇ ನಿಂತರು.

“ತಂಗಿ, ನಿಮ್ಮೂರಲ್ಲಿ ಸೂರ್ಯ ಕಡಲಿಂದ ಏಳ್ತಾನಾ?”

ಸಭೆ ನಕ್ಕಿತು. ಹುಡುಗಿಯೂ ನಕ್ಕಳು. “ಇಲ್ಲ ಸರ್, ಗುಡ್ಡದ ಹಿಂದಿಂದ.”

“ಮತ್ತೆ?”

“ಕತೇಲಿ ಹಾಗೇ ಇರ್ತದಲ್ಲ ಸರ್.”

ಪಡುವಣ ಕಡಲಿನ ದಂಡೆಯಲ್ಲಿ ಹುಟ್ಟಿ, ದಿನಾ ಸಂಜೆ ಸೂರ್ಯ ನೀರಿಗೆ ಇಳಿಯುವುದನ್ನು ನೋಡಿದ ಹುಡುಗಿ. ಪೆನ್ನು ಹಿಡಿದ ತಕ್ಷಣ ಕಣ್ಣನ್ನು ನಂಬದೆ, ಎಲ್ಲೋ ಓದಿದ್ದನ್ನು ನಂಬಿದಳು. ಅವಳೊಬ್ಬಳೇ ಅಲ್ಲ. ನಮ್ಮ ಕಡೆಯ ಹುಡುಗರ ಕತೆಗಳಲ್ಲಿ ಚಳಿಗಾಲಕ್ಕೆ ಹಿಮ ಬೀಳುವುದೂ ಉಂಟು.

ಸಾಹಿತಿಗಳು ಬಿಡಲಿಲ್ಲ. ಹೊತ್ತು ಹುಟ್ಟುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಏನಾಗುತ್ತಿರುತ್ತದೆ ಅಂತ ಕೇಳಿದರು. ಅಮ್ಮ ಆಗಲೇ ಬೈತಖೋಲ ಬಂದರಿಗೆ ಹೋಗಿರುತ್ತಾಳೆ, ಮೀನು ಹರಾಜಿಗೆ, ಅಂದಳು. ಬುಟ್ಟಿ ಹಿಡಿದು ನಿಲ್ಲುವ ಜಾಗಕ್ಕೇ ಜಗಳವಾಗುತ್ತದೆ, ಐಸಿನ ಗಾಡಿ ತಡವಾದರೆ ಇನ್ನೊಂದು ಜಗಳ, ಮನೆಯಲ್ಲಿ ತಮ್ಮನನ್ನು ಎಬ್ಬಿಸಿ ಚಾ ಮಾಡುವುದು ತನ್ನ ಕೆಲಸ, ಹೀಗೆ ಹೇಳುತ್ತಾ ಹೋದಳು.

“ಈಗ ಹೇಳಿದೆಯಲ್ಲ, ಅದನ್ನೇ ಬರಿ.”

“ಅದು ಕತೆ ಅಲ್ಲ ಸರ್. ದಿನಾ ಆಗೋದು.”

ಊಟವಾದ ಮೇಲೆ ಅವಳು ತಂದ ಪುಟದಲ್ಲಿ ಸೂರ್ಯನೇ ಇರಲಿಲ್ಲ. ಜಗಳ ಮಾತ್ರ ಇತ್ತು. ಅದು ಒಳ್ಳೆಯ ಕತೆಯಾಗಿತ್ತಾ? ಆಗಿರಲಿಲ್ಲ. ಅಮ್ಮನನ್ನು ಕೊನೆಯಲ್ಲಿ ಸುಮ್ನೆ ಅಳಿಸಿಬಿಟ್ಟಿದ್ದಳು. ಆದರೆ ಒಂದು ಪ್ರಶ್ನೆ ಜೊತೆಗೆ ತಂದಿದ್ದಳು. ಆ ಹೆಂಗಸರು ಜಗಳವಾಡುವುದು ಕೊಂಕಣಿಯಲ್ಲಿ, ಅದನ್ನು ಕನ್ನಡದಲ್ಲಿ ಹೇಗೆ ಬರೆಯಲಿ? ಸಾಹಿತಿಗಳು ತಲೆ ಕೆರೆದುಕೊಂಡರು. “ಎರಡು ಮಾತು ಕೊಂಕಣಿಯಲ್ಲೇ ಇರ್ಲಿ, ಯಾರು ಬೇಡ ಅಂದ್ರು?” ಅಂದರು. ಬೆಳಿಗ್ಗೆ ಅಂಥ ಪ್ರಶ್ನೆ ಅವಳಲ್ಲಿ ಹುಟ್ಟುತ್ತಲೇ ಇರಲಿಲ್ಲ. ಬಂಗಾರದ ಅಲೆಗಳಿಗೆ ಯಾವ ಭಾಷೆಯೂ ತೊಂದರೆ ಕೊಡುವುದಿಲ್ಲ ನೋಡಿ.

ಅದೇ ಕಾರವಾರದ ಕಡಲು ರವೀಂದ್ರನಾಥ ಟಾಗೋರರನ್ನೂ ಬರೆಸಿದೆ. 1880ರ ದಶಕದ ಆರಂಭದಲ್ಲಿ, ಇಪ್ಪತ್ತು ದಾಟಿದ ಹರೆಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಅವರು ಉಳಿದಿದ್ದರು. ಅಲ್ಲಿದ್ದಾಗ ಒಂದು ನಾಟಕ ಬರೆದರು. ಈಗ ಬೀಚಿಗೆ ಅವರ ಹೆಸರು. ಇದನ್ನು ಪ್ರತಿ ಕಮ್ಮಟದ ಉದ್ಘಾಟನೆಯಲ್ಲೂ ಯಾರಾದರೂ ಹೇಳುತ್ತಾರೆ, ಕಡಲು ನೋಡಿದರೆ ಸಾಕು ಅನ್ನುವ ಧಾಟಿಯಲ್ಲಿ. ಜಡ್ಜ್ ಅಣ್ಣನ ಮನೆಯ ಊಟ, ಬೆಳಿಗ್ಗೆ ಬಂದರಿಗೆ ಹೋಗಬೇಕಿಲ್ಲದ ಬಿಡುವು, ಇವನ್ನು ಯಾರೂ ಹೇಳುವುದಿಲ್ಲ.

ಘಟ್ಟದ ಮೇಲಿನ ಹುಡುಗರ ಕಷ್ಟ ಬೇರೆ. ಶಿರಸಿ, ಸಿದ್ದಾಪುರದ ಕಡೆಯವರು ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು. ಭಾಗವತರು ಪದ್ಯ ಹೇಳಿದ ಮೇಲೆ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಚೀಟಿ ಇಲ್ಲದೆ, ಬರೆದುಕೊಳ್ಳದೆ, ಅರ್ಧ ಗಂಟೆ ಮಾತಾಡಬಲ್ಲ. ಅದು ಕಿವಿಯಲ್ಲಿ ಉಳಿದಿರುತ್ತದೆ. ಹಾಗಾಗಿ ಇವರ ಕತೆಯಲ್ಲಿ ಗಂಡ ಹೆಂಡತಿ ಸಿಲಿಂಡರು ಖಾಲಿಯಾದದ್ದಕ್ಕೆ ಮಾತಾಡಿದರೂ ಕೃಷ್ಣಸಂಧಾನ ನಡೆದ ಹಾಗೆ ಕೇಳುತ್ತದೆ. ಒಬ್ಬೊಬ್ಬರದು ಒಂದೂವರೆ ಪುಟ. ಬಂದ ಸಾಹಿತಿಗಳು ಮಾತು ಕಡಿಮೆ ಮಾಡಿ ಅನ್ನುತ್ತಾರೆ. ನನಗೆ ಅದು ಪೂರ್ತಿ ಸರಿ ಅನಿಸುವುದಿಲ್ಲ. ತಾಳಮದ್ದಳೆಯೂ ಒಂದು ಕಮ್ಮಟವೇ ಅಲ್ವಾ? ಅಲ್ಲಿ ಹೊಸಬನ ಎದುರು ಹಿರಿಯ ಅರ್ಥಧಾರಿ ಕುಳಿತು ಅಡ್ಡ ಪ್ರಶ್ನೆ ಎಸೆಯುತ್ತಾನೆ. ಉತ್ತರ ಹುಟ್ಟಲೇಬೇಕು. ಹುಟ್ಟದಿದ್ದರೆ ಸಭೆಯ ಎದುರೇ ಬೆವರು. ಬರೆಯುವವನಿಗೆ ಆ ಭಯವಿಲ್ಲ. ಅವನ ಪಾತ್ರಗಳು ಎದುರಾಳಿಯೇ ಇಲ್ಲದೆ ಮಾತಾಡುತ್ತವೆ, ಅದಕ್ಕೇ ಮಾತು ಉದ್ದ. ಕತ್ತರಿಸುವ ಬದಲು ಹೆಂಡತಿ ಪಾತ್ರ ನಡುವೆ ಬಾಯಿ ಹಾಕಿ ಒಂದು ಅಡ್ಡ ಪ್ರಶ್ನೆ ಕೇಳಲಿ. ಗಂಡನ ಒಂದೂವರೆ ಪುಟ ತಾನಾಗಿ ನಾಲ್ಕು ಸಾಲಾಗುತ್ತದೆ.

ಅಯೋವಾದ ಹಳೆಯ ಕ್ರಮದಲ್ಲಿ ಒಂದು ವಿಷಯ ನನಗೆ ತುಂಬಾ ಇಷ್ಟ. ಉಳಿದವರು ಚರ್ಚೆ ಮಾಡುವಾಗ ಬರೆದವನು ಬಾಯಿ ಮುಚ್ಚಿಕೊಂಡು ಕುಳಿತಿರಬೇಕು. ನಮ್ಮಲ್ಲಿ ಇದು ಕನಸಿನ ಮಾತು. ನಮ್ಮ ಹುಡುಗ ಕತೆ ಓದುವ ಮೊದಲೇ ಹತ್ತು ನಿಮಿಷ ವಿವರಣೆ ಕೊಡುತ್ತಾನೆ. ‘ಇದು ಸುಮ್ನೆ ಬರೆದದ್ದು ಸರ್, ಟೈಮ್ ಸಿಗ್ಲಿಲ್ಲ.’ ಓದಿದ ಮೇಲೆ ಮತ್ತೆ ವಿವರಣೆ. ಕತೆಗಿಂತ ವಿವರಣೆಯೇ ಚೆನ್ನಾಗಿರುವುದೂ ಉಂಟು. ಆಗ ಸಾಹಿತಿ ಮೆಲ್ಲಗೆ, “ತಮಾ, ಈ ವಿವರಣೆ ಇದೆಯಲ್ಲ, ಅದನ್ನು ಬರ್ಕೊಂಡು ಬಾ” ಅನ್ನಬೇಕು.

ನಮ್ಮ ಕರಾವಳಿಯ ದೊಡ್ಡ ಬರಹಗಾರರಿಗೆ ಯಾವ ಕಮ್ಮಟದ ಪ್ರಮಾಣಪತ್ರ ಇತ್ತು ಅಂತ ಹುಡುಕಿದರೆ ಸಿಗುವುದಿಲ್ಲ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರು. ಗೋಕರ್ಣದ ಜಯಂತ ಕಾಯ್ಕಿಣಿ ಓದಿದ್ದು ಜೀವರಸಾಯನಶಾಸ್ತ್ರ. ಆದರೆ ಇವರ ಸುತ್ತಲಿನ ಹೈಸ್ಕೂಲುಗಳಲ್ಲಿ ಸಾಹಿತಿಗಳು ಮೇಷ್ಟ್ರಾಗಿದ್ದರು. ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿ. ಬಂಕಿಕೊಡ್ಲದಲ್ಲಿ ಸು. ರಂ. ಎಕ್ಕುಂಡಿ, 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕವಿ. ಸೃಜನಶೀಲ ಬರವಣಿಗೆ ಅಂತ ಒಂದು ಪೀರಿಯಡ್ ಆಗ ವೇಳಾಪಟ್ಟಿಯಲ್ಲಿ ಇರಲಿಲ್ಲ. ಪಾಠ ಇತ್ತು, ಹಾಜರಿ ಇತ್ತು, ರಾಶಿ ರಾಶಿ ನೋಟ್‌ಬುಕ್ಕು ತಿದ್ದುವುದಿತ್ತು. ಕವಿಯೊಬ್ಬ ನಮ್ಮ ನಿಮ್ಮ ಹಾಗೆ ಕೊಡೆ ಹಿಡಿದು ಶಾಲೆಗೆ ಬರುತ್ತಾನೆ, ನಮ್ಮ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುತ್ತಾನೆ ಅನ್ನುವುದು ಹುಡುಗರಿಗೆ ಗೊತ್ತಿತ್ತು. ಎರಡು ದಿನದ ಬ್ಯಾನರಿಗಿಂತ ಅದು ಜಾಸ್ತಿ ಅಂತ ನನ್ನ ಲೆಕ್ಕ. ಚುಟುಕದ ದಿನಕರ ದೇಸಾಯಿಯವರು ಇನ್ನೂ ಹಿಂದಕ್ಕೆ ಹೋದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಮಾಡಿ ಹೈಸ್ಕೂಲುಗಳನ್ನೇ ತೆರೆದರು. ಬರೆಯುವುದಕ್ಕೆ ಮೊದಲು ಅಕ್ಷರ ಬರಬೇಕಲ್ಲ.

ಕಮ್ಮಟಕ್ಕೆ ಬರುವ ಸಾಹಿತಿಗೆ ಗೌರವಧನದ ಕವರು, ಶಾಲು, ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಸಿಗುತ್ತದೆ. ಆದರೆ ನಿಜವಾದ ಕೆಲಸ ಶುರುವಾಗುವುದು ಅವರು ಮನೆ ಮುಟ್ಟಿದ ಮೇಲೆ. ಸಮಾರೋಪದಲ್ಲಿ ಉತ್ಸಾಹದಿಂದ ನಂಬರು ಕೊಟ್ಟಿರುತ್ತಾರೆ. ರಾತ್ರಿ ಹತ್ತಕ್ಕೆ ವಾಟ್ಸಾಪಿನಲ್ಲಿ ನಲವತ್ತು ಪುಟದ ಪಿಡಿಎಫ್ ಬರುತ್ತದೆ. ಬೆಳಿಗ್ಗೆ ಆರಕ್ಕೆ ‘ಓದಿದ್ರಾ ಸರ್?’ ಶಾಲು ಮಡಿಸಿ ಇಟ್ಟು ಹೆಚ್ಚಿನವರು ಇಲ್ಲೇ ತಪ್ಪಿಸಿಕೊಳ್ಳುತ್ತಾರೆ. ಅವರನ್ನು ಬೈಯುವಂತಿಲ್ಲ, ಅವರಿಗೂ ಬರೆಯುವುದಿರುತ್ತದೆ.

ನನಗೆ ಗೊತ್ತಿರುವ ಒಬ್ಬರು ಮಾತ್ರ ಓದುತ್ತಾರೆ. ಎಷ್ಟು ಪುಟ ಇದ್ದರೂ ಓದುತ್ತಾರೆ, ಒಂದು ಕಡೆ ನಿಲ್ಲುತ್ತಾರೆ, ಆ ಸಾಲಷ್ಟೇ ವಾಪಸ್ ಬರೆದು ಕಳಿಸುತ್ತಾರೆ. ಆದರೆ ಅವರದೊಂದು ಷರತ್ತಿದೆ. ಕೈಯಲ್ಲಿ ಬರೆದು ಅಂಚೆಯಲ್ಲೇ ಕಳಿಸಬೇಕು. ಈ ಒಂದು ಮಾತಿಗೆ ಮುಕ್ಕಾಲು ಪಾಲು ಕತೆಗಾರರು ಉದುರಿಹೋಗುತ್ತಾರಂತೆ. ಉಳಿದ ಕಾಲು ಪಾಲಿನಲ್ಲಿ ಒಬ್ಬ ಮೊನ್ನೆ ಫೋನು ಮಾಡಿ, ಲಕೋಟೆಯ ಮೇಲೆ ಯಾರ ವಿಳಾಸ ಎಡಗಡೆ ಬರೆಯಬೇಕು ಸರ್ ಅಂತ ಕೇಳಿದನಂತೆ. ಅವರು ಅದನ್ನೂ ಹೇಳಿಕೊಟ್ಟರು.